ದೀನಬಂಧು ಕುದ್ಮುಲ್ ರಂಗರಾಯರ ಸೇವಾ ಜೀವನ

ಬೆಟ್ಟ ಹತ್ತಿ ಬಂದು, ಬೆವರು ಒರೆಸಿಕೊಂಡು, ಕಟ್ಟೆಯ ಮೇಲೆ ಕೂತು ಈ ಪುಟ್ಟ ಪುಸ್ತಕವನ್ನು ಕೈಗೆತ್ತಿಕೊಂಡಿದ್ದೀರಿ. ಕ್ಷೇತ್ರದ ಮಹಿಮೆ, ಪೂಜೆಯ ವೇಳೆ, ಸೇವೆಗಳ ವಿವರ ಇವೆಲ್ಲ ಬೇರೆ ಪುಟಗಳಲ್ಲಿ ಇವೆ. ಈ ಕೆಲವು ಪುಟಗಳಲ್ಲಿ ಒಬ್ಬ ಮನುಷ್ಯನ ಕಥೆ ಇದೆ. ಅವರು ಪವಾಡ ಮಾಡಿದವರಲ್ಲ. ಗುಡಿ ಕಟ್ಟಿಸಿದವರೂ ಅಲ್ಲ. ವಕೀಲರಾಗಿ ದುಡಿದು, ಶಾಲೆ ತೆರೆದು, ಬೈಸಿಕೊಂಡು, ಕೊನೆಗೆ ಕಾವಿ ಉಟ್ಟು ತೀರಿಹೋದವರು. ಹೆಸರು ಕುದ್ಮುಲ್ ರಂಗರಾವ್. ನಮ್ಮ ಜಿಲ್ಲೆಯ ಹಿರಿಯರ ಬಾಯಲ್ಲಿ ರಂಗರಾಯರು.

ಯಾಕೆ ಈ ಕಥೆ ಅಂದರೆ, ನಮ್ಮ ಕಡೆ ದಾನಕ್ಕೇನೂ ಬರಗಾಲ ಇಲ್ಲ. ಯಾವ ದೇವಸ್ಥಾನಕ್ಕೆ ಬೇಕಾದರೂ ಹೋಗಿ ನೋಡಿ, ಟ್ಯೂಬ್‌ಲೈಟಿನ ಮೇಲೆ ದಾನಿಗಳ ಹೆಸರು, ಫ್ಯಾನಿನ ರೆಕ್ಕೆಯ ಮೇಲೆ ದಾನಿಗಳ ಹೆಸರು, ಕೈ ತೊಳೆಯುವ ನಳ್ಳಿಯ ಹತ್ತಿರವೂ ಒಂದು ಕಲ್ಲು. ಕೆಲವು ಟ್ಯೂಬ್‌ಲೈಟುಗಳಲ್ಲಂತೂ ಹೆಸರೇ ಇಷ್ಟುದ್ದ ಇದ್ದು ಬೆಳಕು ಬರುವುದಕ್ಕೆ ಜಾಗ ಕಮ್ಮಿ! ಹಾಸ್ಯಕ್ಕೆ ಹೇಳಿದ್ದು, ಬೇಸರ ಮಾಡಿಕೊಳ್ಳಬೇಡಿ. ಆ ಬೆಳಕಿನಲ್ಲೇ ನಾವು ಊಟ ಮಾಡುವುದು. ಆದರೆ ಬ್ರಹ್ಮಕಲಶೋತ್ಸವದ ಪಾಕಶಾಲೆಯಲ್ಲಿ, ಉಗ್ರಾಣದಲ್ಲಿ, ಬಡಿಸುವ ಪಂಕ್ತಿಯಲ್ಲಿ ಹಿಂದಿನಂತೆ ಜನ ಸಿಗುವುದಿಲ್ಲ ಅಂತ ವಿಟ್ಲ ಸೀಮೆಯ ಯಾವ ಸಮಿತಿಯವರನ್ನು ಕೇಳಿದರೂ ಹೇಳುತ್ತಾರೆ. ರಶೀದಿ ಹರಿಸಿ ಸಾವಿರ ಕೊಡುವವರು ಇದ್ದಾರೆ, ಎರಡು ದಿನ ಸೌಟು ಹಿಡಿದು ನಿಲ್ಲುವವರು ಕಡಿಮೆ. ಕ್ಯಾಟರಿಂಗ್‌ನವರಿಗೆ ವಹಿಸಿಬಿಟ್ಟರೆ ಆಯಿತು. ಕೊಡುವುದು ಅಂದರೆ ಹಣ ಕೊಡುವುದು ಅಂತ ಆಗಿಬಿಟ್ಟಿದೆ. ರಂಗರಾಯರ ಹತ್ತಿರ ಕೊಡಲಿಕ್ಕೆ ಹೆಚ್ಚು ಹಣ ಇರಲಿಲ್ಲ. ಅವರು ಕೊಟ್ಟದ್ದು ಬೇರೆಯದು.

ವಿಟ್ಲದಿಂದ ದಕ್ಷಿಣಕ್ಕೆ ಹೋಗುವ ರಸ್ತೆ ಅಡ್ಯನಡ್ಕ, ಪೆರ್ಲ, ಬದಿಯಡ್ಕದ ಮೇಲಾಗಿ ಕಾಸರಗೋಡು ಕಡೆಗೆ ಇಳಿಯುತ್ತದೆ. ಈಗ ನಡುವೆ ರಾಜ್ಯದ ಗಡಿ ಇದೆ. 1956ಕ್ಕೆ ಮೊದಲು ಅದೂ ಇದೂ ಎಲ್ಲ ಒಂದೇ ದಕ್ಷಿಣ ಕನ್ನಡ ಜಿಲ್ಲೆ, ಮದರಾಸಿನ ಆಡಳಿತ. ಆ ಕಾಸರಗೋಡು ಸೀಮೆಯ ಕುದ್ಮುಲ್ ಎಂಬಲ್ಲಿ 1859ನೇ ಇಸವಿ ಜೂನ್ 29ರಂದು ರಂಗರಾಯರು ಹುಟ್ಟಿದರು. ಸಾರಸ್ವತ ಬ್ರಾಹ್ಮಣ ಮನೆತನ. ದೊಡ್ಡ ಜಾತಿ ಹೌದು, ದೊಡ್ಡ ಆಸ್ತಿ ಇಲ್ಲ. ಹದಿನಾರರ ಆಸುಪಾಸಿನಲ್ಲೇ ತಂದೆಯ ನೆರಳು ತಪ್ಪಿತು. ಮನೆಯ ಭಾರ ಹೆಗಲಿಗೆ ಬಿತ್ತು. ಹೊಟ್ಟೆಪಾಡಿಗಾಗಿ ಮಂಗಳೂರಿಗೆ ಬಂದ ಹುಡುಗ ಒಂದು ಶಾಲೆಯಲ್ಲಿ ತಿಂಗಳಿಗೆ ಎಂಟು ರೂಪಾಯಿ ಸಂಬಳದ ಮಾಸ್ತರಿಕೆಗೆ ಸೇರಿದರು. ಪಾಠ ಮಾಡುತ್ತಲೇ ತಾವೂ ಓದಿ, ಪರೀಕ್ಷೆಗಳನ್ನು ದಾಟಿ, ಪ್ಲೀಡರ್ ಪರೀಕ್ಷೆ ಪಾಸು ಮಾಡಿಕೊಂಡು ವಕೀಲರಾದರು.

ವಕೀಲಿ ಆ ಕಾಲದಲ್ಲಿ ಒಳ್ಳೆಯ ಆದಾಯದ ಕಸುಬು. ಜಮೀನಿನ ತಕರಾರು, ಗೇಣಿ ತಕರಾರು, ಅಳಿಯಸಂತಾನದ ಪಾಲು ಪಟ್ಟಿ ಅಂತ ಜಿಲ್ಲೆಯ ಜನ ಕೋರ್ಟಿಗೆ ಅಲೆಯುತ್ತಿದ್ದ ದಿನಗಳು. ರಂಗರಾಯರು ಸುಳ್ಳು ಕೇಸು ಹಿಡಿಯುತ್ತಿರಲಿಲ್ಲ, ಬಡವರ ಹತ್ತಿರ ಫೀಸಿಗೆ ಪಟ್ಟು ಹಿಡಿಯುತ್ತಿರಲಿಲ್ಲ. ಹಾಗಾಗಿ ಬಡವರ ವಕೀಲರು ಅಂತ ಹೆಸರು ಬಂತು. ಹೆಸರು ಬಂತು ಅಂದಮೇಲೆ ಹಣ ಬರುವುದಿಲ್ಲ, ಅದು ಎಲ್ಲ ಕಾಲದ ಮಾತು.

ಮಂಗಳೂರಿನಲ್ಲಿ 1870ರಲ್ಲೇ ಬ್ರಹ್ಮ ಸಮಾಜ ಶುರುವಾಗಿತ್ತು. ಬಂಗಾಳದಲ್ಲಿ ರಾಜಾ ರಾಮಮೋಹನ ರಾಯರು ಹಚ್ಚಿದ ದೀಪ ಅದು. ದೇವರು ಒಬ್ಬನೇ, ಅವನ ಮುಂದೆ ಜಾತಿ ಭೇದ ಇಲ್ಲ ಎಂಬುದು ಅವರ ನಂಬಿಕೆ. ರಂಗರಾಯರು ಅಲ್ಲಿಗೆ ಹೋಗತೊಡಗಿದರು. ಹಾಗೆ ಹೋಗಿ ಪ್ರಾರ್ಥನೆ ಮಾಡಿ ಬರುವವರು ಬೇಕಾದಷ್ಟು ಜನ ಇದ್ದರು. ಪ್ರಾರ್ಥನೆ ಮುಗಿದ ಮೇಲೆ ಮನೆಗೆ ಬಂದು ಹಳೆಯ ಮಡಿಯಲ್ಲೇ ಇರುವವರು. ರಂಗರಾಯರಿಗೆ ಅದು ಸರಿ ಕಾಣಲಿಲ್ಲ.

ಅವರ ಮನಸ್ಸನ್ನು ಕಲಕಿದ ಒಂದು ಸಂಗತಿ ಕೋರ್ಟಿನಲ್ಲೇ ನಡೆಯಿತು. ಬೆಂದೂರು ಬಾಬು ಎಂಬ ಒಬ್ಬ ದಲಿತ ಯುವಕ ಆ ಕಾಲಕ್ಕೆ ಹೇಗೋ ನಾಲ್ಕು ಅಕ್ಷರ ಕಲಿತು ಕೋರ್ಟಿನಲ್ಲಿ ಜವಾನನ ಕೆಲಸಕ್ಕೆ ಸೇರಿದ. ಜವಾನ ಅಂದರೆ ಕಾಗದ ಪತ್ರ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಒಯ್ಯುವವನು, ಹೆಸರು ಕೂಗುವವನು. ಅಷ್ಟಕ್ಕೇ ಕೋರ್ಟೆಲ್ಲ ಕಂಪಿಸಿತು. ಅವನು ಮುಟ್ಟಿದ ಕಾಗದವನ್ನು ನಾವು ಹೇಗೆ ಮುಟ್ಟುವುದು ಅಂತ ಗುಮಾಸ್ತರ, ವಕೀಲರ ತಕರಾರು. ನ್ಯಾಯ ಕೊಡುವ ಮನೆಯೊಳಗೇ ಹೀಗಾದರೆ ಹೊರಗಿನ ಮಾತೇನು? ರಂಗರಾಯರು ಆ ಬಾಬುವಿನ ಪರ ನಿಂತರು. ತಮ್ಮ ಜೊತೆಯ ವಕೀಲರ ಮಾತು ಕಟ್ಟಿಕೊಂಡರು.

ಅಲ್ಲಿಂದ ಅವರಿಗೆ ಒಂದು ವಿಷಯ ಸ್ಪಷ್ಟವಾಯಿತು. ಒಬ್ಬ ಬಾಬುವಿನ ಪರ ವಾದ ಮಾಡಿದರೆ ಒಬ್ಬ ಬಾಬು ಉಳಿದಾನು. ಅಕ್ಷರ ಕಲಿತ ಬಾಬುಗಳು ನೂರು ಜನ ಆದರೆ ವಾದ ಮಾಡಲಿಕ್ಕೆ ವಕೀಲ ಬೇಡ. ಆದರೆ ಆ ಮಕ್ಕಳನ್ನು ಕೂರಿಸುವ ಶಾಲೆ ಎಲ್ಲಿತ್ತು? ಸರಕಾರದ ಕಾಗದದಲ್ಲಿ ಶಾಲೆ ಎಲ್ಲರಿಗೂ. ನಿಜದಲ್ಲಿ ಜಗಲಿ ಹತ್ತಿದರೂ ಬೈದು ಓಡಿಸುತ್ತಿದ್ದರು. ಹೀಗೆ 1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ರಂಗರಾಯರು ದಲಿತ ಮಕ್ಕಳಿಗಾಗಿ ಒಂದು ಶಾಲೆ ತೆರೆದರು. ಮಹಾರಾಷ್ಟ್ರದಲ್ಲಿ ಜೋತಿಬಾ ಫುಲೆಯವರು ಇಂಥ ಕೆಲಸವನ್ನು ನಾಲ್ಕು ದಶಕ ಮೊದಲೇ ಶುರು ಮಾಡಿದ್ದರು. ನಮ್ಮ ಕರಾವಳಿಗೆ ಇದು ಹೊಸತು.

ಸಾರಸ್ವತ ಬ್ರಾಹ್ಮಣನೊಬ್ಬ ಅಂಥ ಮಕ್ಕಳ ಪಕ್ಕ ಕೂರುವುದೆಂದರೆ ಊರು ಸುಮ್ಮನಿದ್ದೀತೇ? ಜಾತಿಯವರು ಬಹಿಷ್ಕಾರ ಹಾಕಿದರು. ಮನೆಗೆ ಪುರೋಹಿತರು ಬರಲಿಲ್ಲ, ಕ್ಷೌರಿಕರು ಬರಲಿಲ್ಲ, ನೆಂಟರು ಮದುವೆ ಮುಂಜಿಗೆ ಕರೆಯಲಿಲ್ಲ. ರಸ್ತೆಯಲ್ಲಿ ಎದುರಾದರೆ ಬದಿಗೆ ಸರಿದು ಹೋದರು. ಇವತ್ತಿನ ಮಕ್ಕಳಿಗೆ ಇದರ ತೂಕ ಗೊತ್ತಾಗಲಿಕ್ಕಿಲ್ಲ. ಈಗ ನಾವು ಪಕ್ಕದ ಫ್ಲಾಟಿನವರ ಹೆಸರು ಗೊತ್ತಿಲ್ಲದೆ ಹತ್ತು ವರ್ಷ ಇರುತ್ತೇವೆ, ಯಾರು ಕರೆಯದಿದ್ದರೂ ನಡೆಯುತ್ತದೆ. ಆ ಕಾಲದಲ್ಲಿ ಹಾಗಲ್ಲ. ಹೆರಿಗೆಗೆ ಸೂಲಗಿತ್ತಿ, ಸತ್ತರೆ ಹೊರಲಿಕ್ಕೆ ನಾಲ್ಕು ಹೆಗಲು, ಮಗಳಿಗೆ ವರ, ಕಷ್ಟಕ್ಕೆ ಒಂದು ಸೇರು ಅಕ್ಕಿ ಎಲ್ಲವೂ ಜಾತಿಯ ಒಳಗೇ ಸಿಗಬೇಕು. ಜಾತಿಯಿಂದ ಹೊರಗೆ ಹಾಕಿದರೆ ಮನುಷ್ಯ ಊರಿನ ನಡುವೆ ಇದ್ದೂ ಕಾಡಿನಲ್ಲಿದ್ದ ಹಾಗೆ. ರಂಗರಾಯರು ಕೊಟ್ಟದ್ದು ಇದನ್ನು. ಹುಟ್ಟಿನಿಂದ ಬಂದ ಮರ್ಯಾದೆ, ಬಂಧು ಬಳಗ, ಪಂಕ್ತಿಯಲ್ಲಿ ಮೊದಲ ಎಲೆ ಇವೆಲ್ಲವನ್ನೂ ಕೊಟ್ಟುಬಿಟ್ಟರು. ಅದಕ್ಕೆ ರಶೀದಿಯಿಲ್ಲ, ಕಲ್ಲಿನ ಮೇಲೆ ಹೆಸರಿಲ್ಲ.

ಇಲ್ಲಿ ನಮ್ಮ ಮನೆಯ ಒಂದು ಮಾತನ್ನೂ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನು ಮಾಡುವುದು. ವಿಟ್ಲದ ಹತ್ತಿರದ ನಮ್ಮ ಹಳೆ ಮನೆಯಲ್ಲಿ ಅಜ್ಜಿ ಬಹಳ ಧರ್ಮಿಷ್ಠೆ. ಹಸಿದು ಬಂದವರನ್ನು ಬರಿಗೈಯಲ್ಲಿ ಕಳಿಸಿದವಳಲ್ಲ. ತೋಟದ ಕೆಲಸಕ್ಕೆ ಬರುವವರಿಗೆ ಗಂಜಿ, ಉಪ್ಪಿನಕಾಯಿ, ಕೆಲವು ದಿನ ಪಾಯಸ ಕೂಡ. ಆದರೆ ಅದು ಅಂಗಳದ ಆಚೆ. ನೀರು ಕೊಡುವುದು ಮೇಲಿನಿಂದ ಹೊಯ್ದು, ಅವರು ಎರಡೂ ಕೈ ಸೇರಿಸಿ ಬೊಗಸೆಯಲ್ಲಿ ಕುಡಿಯಬೇಕು. ಅವರಿಗೇ ಅಂತ ಗೆರಟೆಗಳು ಕೊಟ್ಟಿಗೆಯ ಮಾಡಿನಲ್ಲಿ ಸಿಕ್ಕಿಸಿಟ್ಟಿರುತ್ತಿದ್ದವು. ಚಿಕ್ಕವನಿದ್ದಾಗ ಒಮ್ಮೆ ಆ ಗೆರಟೆಯಲ್ಲಿ ನಾನು ನೀರು ಕುಡಿದದ್ದಕ್ಕೆ ನನ್ನನ್ನು ಬಾವಿಕಟ್ಟೆಗೆ ಎಳೆದುಕೊಂಡು ಹೋಗಿ ಸ್ನಾನ ಮಾಡಿಸಿದ್ದಳು. ಅಜ್ಜಿಯ ಕೈ ದೊಡ್ಡದು, ಅದರಲ್ಲಿ ಸಂಶಯ ಇಲ್ಲ. ಆದರೆ ಆ ಕೈ ಯಾವಾಗಲೂ ಮೇಲೆಯೇ ಇರಬೇಕಿತ್ತು. ದೊಡ್ಡವನಾದ ಮೇಲೆ ರಂಗರಾಯರ ಬಗ್ಗೆ ಓದುವಾಗ ನನಗೆ ಮೊದಲು ನೆನಪಾದದ್ದು ಆ ಗೆರಟೆ.

ಶಾಲೆ ತೆರೆದರೆ ಸಾಕೇ, ಕಲಿಸುವವರು ಬೇಡವೇ? ಮೇಲ್ಜಾತಿಯ ಮಾಸ್ತರರು ಯಾರೂ ಬರಲೊಪ್ಪಲಿಲ್ಲ. ಕೊನೆಗೆ ಕ್ರೈಸ್ತ ಶಿಕ್ಷಕರು ಮುಂದೆ ಬಂದರು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ 1834ರಿಂದ ಇತ್ತು, ಶಾಲೆ, ಮುದ್ರಣಾಲಯ, ನೇಯ್ಗೆ, ಹಂಚಿನ ಕಾರ್ಖಾನೆ ಎಲ್ಲ ಅವರದು. ಹಾಗಾಗಿ ಜಾತಿಯ ಹೆದರಿಕೆ ಇಲ್ಲದ ಶಿಕ್ಷಕರು ಅಲ್ಲಿ ಸಿಗುತ್ತಿದ್ದರು. ಬ್ರಾಹ್ಮಣ ಕಟ್ಟಿದ ಶಾಲೆ, ದಲಿತ ಮಕ್ಕಳು, ಕ್ರೈಸ್ತ ಮಾಸ್ತರರು. ಈಗ ಹೇಳುವಾಗ ಚಂದ ಕಾಣುತ್ತದೆ. ಆಗ ಮೂರೂ ಕಡೆಯಿಂದ ಬೈಗಳು. ಇವನು ಮಕ್ಕಳನ್ನು ಮತಾಂತರ ಮಾಡಲಿಕ್ಕೆ ಹೊರಟಿದ್ದಾನೆ ಅಂತ ಕೆಲವರು, ಮತಾಂತರ ತಪ್ಪಿಸಲಿಕ್ಕೆ ಹೊರಟಿದ್ದಾನೆ ಅಂತ ಇನ್ನು ಕೆಲವರು.

ಮಾಸ್ತರರು ಸಿಕ್ಕಿದರೂ ಮಕ್ಕಳು ಬರಬೇಕಲ್ಲ. ಇದು ಇನ್ನೂ ಕಷ್ಟದ ಕೆಲಸ. ಮಗು ಐದಾರು ವರ್ಷದ್ದಾದರೆ ಧನಿಗಳ ಮನೆಯ ದನ ಕಾಯಲಿಕ್ಕೆ ಹೋಗಬೇಕು, ಅಲ್ಲಿ ಒಂದು ಹೊತ್ತಿನ ಗಂಜಿ ಸಿಗುತ್ತದೆ. ಶಾಲೆಗೆ ಕಳಿಸಿದರೆ ಆ ಗಂಜಿಗೂ ಕಲ್ಲು. ತಂದೆ ತಾಯಿಗೆ ಓದಿನ ಬೆಲೆ ಗೊತ್ತಿರಲಿಲ್ಲ ಅಂತ ನಾವು ಸುಲಭದಲ್ಲಿ ಹೇಳಿಬಿಡುತ್ತೇವೆ. ಅವರಿಗೆ ಹಸಿವಿನ ಲೆಕ್ಕ ನಮಗಿಂತ ಚೆನ್ನಾಗಿ ಗೊತ್ತಿತ್ತು. ರಂಗರಾಯರು ಆ ಲೆಕ್ಕವನ್ನೇ ಅರ್ಥ ಮಾಡಿಕೊಂಡರು. ಭಾಷಣ ಮಾಡಲಿಲ್ಲ. ಶಾಲೆಗೆ ಬಂದ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಡುವುದೆಂದು ಮಾಡಿದರು. ಮಧ್ಯಾಹ್ನಕ್ಕೆ ಊಟ ಹಾಕಿಸಿದರು. ಮಗು ಓದಿಗೆ ಬಂದರೆ ಮನೆಗೆ ನಷ್ಟ ಆಗಬಾರದು, ಅಷ್ಟೇ. ನಮ್ಮ ರಾಜ್ಯದಲ್ಲಿ ಸರಕಾರಿ ಶಾಲೆಗಳಿಗೆ ಅಕ್ಷರ ದಾಸೋಹದ ಬಿಸಿಯೂಟ ಬಂದದ್ದು 2000ದ ನಂತರ. ಅದಕ್ಕೆ ನೂರು ವರ್ಷ ಹಿಂದೆ ಒಬ್ಬ ವಕೀಲರು ಸ್ವಂತ ದುಡಿಮೆಯಿಂದ, ಮನೆ ಮನೆ ಬೇಡಿ ತಂದದ್ದರಿಂದ ಇದನ್ನು ನಡೆಸಿದರು.

ಹೌದು, ಬೇಡುವುದು. ವಕೀಲರು ಬೇಡುತ್ತಿದ್ದರು. ಶಾಲೆಗೆ ಬೇಕು, ಮಕ್ಕಳಿಗೆ ಬಟ್ಟೆ ಬೇಕು, ಸ್ಲೇಟು ಬೇಕು ಅಂತ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದರು. ಮುಖದ ಮೇಲೆ ಬಾಗಿಲು ಹಾಕಿದವರೂ ಇದ್ದಾರೆ, ಗುಟ್ಟಾಗಿ ಕೊಟ್ಟು ಹೆಸರು ಹೇಳಬೇಡಿ ಅಂದವರೂ ಇದ್ದಾರೆ. ಬೇರೆಯವರಿಗಾಗಿ ಕೈ ಚಾಚುವುದು ಸ್ವಂತಕ್ಕೆ ಕೈ ಚಾಚುವುದಕ್ಕಿಂತ ಕಷ್ಟ ಅಂತ, ಜೀರ್ಣೋದ್ಧಾರಕ್ಕೆ ಚಂದಾ ಎತ್ತಲಿಕ್ಕೆ ಹೋದವರಿಗೆಲ್ಲ ಗೊತ್ತು.

ಒಂದು ಶಾಲೆಯ ಮಾಡು ಕಿತ್ತರೆ ಇನ್ನೊಂದು ಕಡೆ ಮಾಡು ಎದ್ದಿತು. 1897ರಲ್ಲಿ ಈ ಕೆಲಸಕ್ಕೆಲ್ಲ ಒಂದು ಸಂಸ್ಥೆಯ ರೂಪ ಕೊಟ್ಟರು. ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಎಂಬುದು ಅದರ ಹೆಸರು. ಮಂಗಳೂರಿನ ಶೇಡಿಗುಡ್ಡೆ ಅದರ ಕೇಂದ್ರ ಆಯಿತು. ಇದೇ ಹೆಸರಿನ ಸಂಸ್ಥೆಯನ್ನು ವಿಠ್ಠಲ ರಾಮಜಿ ಶಿಂದೆಯವರು ಮುಂಬಯಿಯಲ್ಲಿ ಸ್ಥಾಪಿಸಿದ್ದು 1906ರಲ್ಲಿ. ಶಿಂದೆಯವರೂ ಕನ್ನಡ ನೆಲದವರೇ, ಜಮಖಂಡಿಯಲ್ಲಿ ಹುಟ್ಟಿದವರು. ಮಂಗಳೂರಿನದ್ದು ಅದಕ್ಕಿಂತ ಒಂಬತ್ತು ವರ್ಷ ಮೊದಲು. ನಮ್ಮ ಜಿಲ್ಲೆಯವರು ಬ್ಯಾಂಕು ಹುಟ್ಟಿಸಿದ್ದನ್ನು ಹೆಮ್ಮೆಯಿಂದ ಹೇಳುತ್ತೇವೆ, ಇದನ್ನೂ ಹೇಳಬಹುದು.

ಶಾಲೆಗಳು ಒಂದೊಂದಾಗಿ ಹೆಚ್ಚಿದವು. ಮಂಗಳೂರಿನ ಕಂಕನಾಡಿ, ಬೋಳೂರು, ಅತ್ತಾವರ ಆಗಿ ಮುಲ್ಕಿ, ಉಡುಪಿ ಕಡೆಗೂ ಹೋದವು. ಅಕ್ಷರದ ಜೊತೆ ಕೈಕಸುಬು. ಮಗ್ಗ ಹಾಕಿ ನೇಯ್ಗೆ ಕಲಿಸಿದರು. ಮರಗೆಲಸ, ತೋಟಗಾರಿಕೆ, ರೇಷ್ಮೆ ಹುಳ ಸಾಕುವುದು ಕೂಡ. ಹೆಣ್ಣು ಮಕ್ಕಳನ್ನೂ ಕೂರಿಸಿದರು. ಓದು ಮುಗಿಸಿದವರಲ್ಲಿ ಕೆಲವರನ್ನು ಅದೇ ಶಾಲೆಗಳಿಗೆ ಮಾಸ್ತರರನ್ನಾಗಿ ಮಾಡಿದರು. ಯಾರ ನೆರಳು ಬೀಳಬಾರದು ಅಂತಿದ್ದರೋ ಅವರ ಮಗನನ್ನು ಮಾಸ್ತರೇ ಅಂತ ಊರು ಕರೆಯಬೇಕಾಯಿತು. ಸ್ಥಳೀಯ ಆಡಳಿತದ ಮಂಡಳಿಗಳಲ್ಲಿ ಅವರಿಗೆ ಒಂದು ಕುರ್ಚಿ ಕೊಡಿಸಲಿಕ್ಕೂ ಹೋರಾಡಿದರು. ಭೂಮಿ ಇಲ್ಲದವನ ಮಾತಿಗೆ ಬೆಲೆ ಇಲ್ಲ ಅಂತ ಸರಕಾರದಿಂದ ಜಾಗ ಕೇಳಿ ಪಡೆದು, ಮನೆ ಕಟ್ಟಿಸಿ, ಆ ಕುಟುಂಬಗಳನ್ನು ನೆಲೆ ನಿಲ್ಲಿಸಿದರು. ಒಕ್ಕಲೆಬ್ಬಿಸುವ ಧನಿಯ ಹೆದರಿಕೆ ಇಲ್ಲದ ಒಂದು ತುಂಡು ಭೂಮಿ. ಗೇಣಿ ಮಾಡಿ ಬದುಕಿದವರಿಗೆ, 1974ರ ಭೂ ಸುಧಾರಣೆಯ ನಂತರ ಡಿಕ್ಲರೇಶನ್ ಕೊಟ್ಟು ಜಾಗ ಪಡೆದವರಿಗೆ, ಆ ಸುಖ ಎಂಥದ್ದು ಅಂತ ಗೊತ್ತಿದೆ.

ಇದನ್ನು ಸ್ವಲ್ಪ ನಿಂತು ನೋಡಬೇಕು. ಅನ್ನ ಹಾಕಿದರೆ ಪುಣ್ಯ, ನಿಜ. ಆದರೆ ಇವತ್ತು ಅನ್ನ ಹಾಕಿಸಿಕೊಂಡವನು ನಾಳೆಯೂ ಅದೇ ಅಂಗಳದ ಆಚೆ ಬಂದು ನಿಲ್ಲುತ್ತಾನೆ. ಅವನು ಬಂದು ನಿಲ್ಲುವುದೇ ನಮಗೆ ಹಿತ. ಅವನು ಬರದಿದ್ದರೆ ನಮ್ಮ ದಾನ ಯಾರಿಗೆ? ರಂಗರಾಯರ ಕೆಲಸದಲ್ಲಿ ಇದು ಉಲ್ಟಾ. ಅವರು ಮಾಡಿದ್ದೆಲ್ಲ, ತಮ್ಮ ಬಾಗಿಲಿಗೆ ಬಂದವನು ಇನ್ನೊಮ್ಮೆ ಬೇಡಲಿಕ್ಕೆ ಬರಬಾರದು ಎಂಬ ರೀತಿಯಲ್ಲಿ. ಎರಡು ಪೈಸೆ, ಮಗ್ಗ, ಜಾಗದ ಪಟ್ಟೆ, ಮಾಸ್ತರಿಕೆ ಎಲ್ಲವೂ ಹಾಗೆಯೇ.

ಕೊರಗರ ನಡುವೆ ಅವರು ಮಾಡಿದ ಕೆಲಸವನ್ನು ಬೇರೆಯಾಗಿಯೇ ಹೇಳಬೇಕು. ತುಳುನಾಡಿನ ಮೂಲ ನಿವಾಸಿಗಳಾದ ಈ ಜನ ಬುಟ್ಟಿ ಹೆಣೆಯುವವರು, ಡೋಲು ಬಾರಿಸುವವರು, ಕೊಳಲು ಊದುವವರು. ಎಲ್ಲರಿಗಿಂತ ಕೆಳಗೆ ಇವರನ್ನು ಇಟ್ಟಿದ್ದರು. ಅಜಲು ಅಂತ ಒಂದು ಪದ್ಧತಿ ಇತ್ತು. ಕಾಯಿಲೆ ಕಸಾಲೆ, ಬಸುರಿಯ ದೋಷ ಹೋಗಲಿ ಅಂತ ಉಗುರು, ಕೂದಲು ಸೇರಿಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವುದು. ಕಂಬಳದ ಕೋಣ ಇಳಿಯುವ ಮೊದಲು ಅವರನ್ನು ಗದ್ದೆಯಲ್ಲಿ ಓಡಿಸುವುದು. ಇದನ್ನೂ ಜನ ದಾನ ಅಂತಲೇ ಕರೆದರು, ಅನ್ನ ಕೊಟ್ಟೆವಲ್ಲ ಅಂತ! ಕರ್ನಾಟಕ ಸರಕಾರ ಅಜಲು ನಿಷೇಧದ ಕಾನೂನು ತಂದದ್ದು 2000ದಲ್ಲಿ. ಅಂದರೆ ನಮ್ಮ ಕಣ್ಣ ಮುಂದೆ. ರಂಗರಾಯರು ಅದಕ್ಕೆ ನೂರು ವರ್ಷ ಮೊದಲು ಕೊರಗರಿಗಾಗಿ ನೆಲೆ ಹುಡುಕಿ, ಮನೆ ಕಟ್ಟಿಸಿ, ಮಕ್ಕಳನ್ನು ಶಾಲೆಗೆ ಕರೆತಂದರು. ಎಲ್ಲವೂ ಅವರಿಂದ ಸಾಧ್ಯವಾಗಲಿಲ್ಲ ಎಂಬುದಕ್ಕೆ ಆ 2000ದ ಕಾನೂನೇ ಸಾಕ್ಷಿ.

ಬೇರೆಯವರ ಮಕ್ಕಳಿಗೆ ಹೇಳಿದ್ದನ್ನು ಸ್ವಂತ ಮಕ್ಕಳಲ್ಲೂ ಮಾಡಿ ತೋರಿಸುವುದು ಕಷ್ಟ. ಸುಧಾರಕರಲ್ಲಿ ಎಷ್ಟೋ ಜನ ಜಾರಿದ್ದು ಅಲ್ಲೇ. ರಂಗರಾಯರ ಮಗಳು ರಾಧಾಬಾಯಿ ಎಳೆಯ ಪ್ರಾಯದಲ್ಲೇ ವಿಧವೆಯಾದರು. ಆಗಿನ ಪದ್ಧತಿಯಂತೆ ಆದರೆ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಅಡುಗೆಮನೆಯ ಮೂಲೆಯಲ್ಲಿ ಕೂರಿಸಬೇಕಿತ್ತು. ರಂಗರಾಯರು ಮಗಳನ್ನು ಓದಿಸಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಕಳಿಸಿದರು. ಮುಂದೆ ಅವರು ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲೂ ಕಲಿತರು. 1912ರಲ್ಲಿ ತಮಿಳುನಾಡಿನ ಕುಮಾರಮಂಗಲದ ಜಮೀನ್ದಾರ ಮನೆತನದ ಪಿ. ಸುಬ್ಬರಾಯನ್ ಅವರೊಂದಿಗೆ ಮದುವೆ ಆಯಿತು. ವಿಧವಾ ವಿವಾಹ, ಅದರ ಮೇಲೆ ಜಾತಿ ಬೇರೆ, ಭಾಷೆಯೂ ಬೇರೆ. ಬಹಿಷ್ಕಾರ ಹಾಕಿದವರಿಗೆ ಇನ್ನು ಹಾಕಲಿಕ್ಕೆ ಬಹಿಷ್ಕಾರ ಉಳಿದಿರಲಿಲ್ಲ.

ಆ ರಾಧಾಬಾಯಿಯವರು 1930ರಲ್ಲಿ ಲಂಡನ್ನಿನ ದುಂಡು ಮೇಜಿನ ಪರಿಷತ್ತಿಗೆ ಭಾರತದ ಮಹಿಳೆಯರ ಪರವಾಗಿ ಹೋದರು. 1938ರಲ್ಲಿ ದಿಲ್ಲಿಯ ಕೌನ್ಸಿಲ್ ಆಫ್ ಸ್ಟೇಟ್‌ಗೆ ಆಯ್ಕೆಯಾದ ಮೊದಲ ಮಹಿಳೆ ಅವರೇ. ಅಳಿಯ ಸುಬ್ಬರಾಯನ್ 1926ರಿಂದ 1930ರವರೆಗೆ ಮದರಾಸು ಪ್ರಾಂತದ ಮುಖ್ಯಮಂತ್ರಿಯಾಗಿದ್ದರು. ಮೊಮ್ಮಕ್ಕಳಲ್ಲಿ ಒಬ್ಬರು ಭಾರತದ ಭೂಸೇನೆಯ ಮುಖ್ಯಸ್ಥರಾದ ಜನರಲ್ ಕುಮಾರಮಂಗಲಂ, ಇನ್ನೊಬ್ಬರು ಕೇಂದ್ರ ಸಚಿವರಾಗಿದ್ದ ಮೋಹನ್ ಕುಮಾರಮಂಗಲಂ, ಮೊಮ್ಮಗಳು ಸಂಸದೆ ಪಾರ್ವತಿ ಕೃಷ್ಣನ್. ಮೂಲೆಯಲ್ಲಿ ಕೂರಬೇಕಾಗಿದ್ದ ಒಬ್ಬ ಹೆಣ್ಣು ಮಗಳ ಸಂಸಾರ ಇದು. ಪುಣ್ಯದ ಫಲ ಅನ್ನುವವರು ಅನ್ನಲಿ, ನನಗೆ ಇದು ಓದಿಸಿದ್ದರ ಫಲ ಅಂತ ಕಾಣುತ್ತದೆ.

ಅದೇ 1912ರಲ್ಲಿ ಮಂಗಳೂರಿನಲ್ಲಿ ಇನ್ನೊಂದು ದೊಡ್ಡ ಕೆಲಸ ಆಯಿತು. ದೇವಸ್ಥಾನದ ಒಳಗೆ ಪ್ರವೇಶ ಇಲ್ಲದಿದ್ದ ಬಿಲ್ಲವ ಸಮಾಜದವರು ಕುದ್ರೋಳಿಯಲ್ಲಿ ಸ್ವಂತ ದೇವಸ್ಥಾನ ಕಟ್ಟಿ, ಬ್ರಹ್ಮಶ್ರೀ ನಾರಾಯಣ ಗುರುಗಳಿಂದ ಗೋಕರ್ಣನಾಥನ ಪ್ರತಿಷ್ಠೆ ಮಾಡಿಸಿದರು. ರಂಗರಾಯರ ದಾರಿ ಬೇರೆ, ಗುರುಗಳ ದಾರಿ ಬೇರೆ, ಊರು ಒಂದೇ, ಕಾಲವೂ ಒಂದೇ. ಮದರಾಸು ಪ್ರಾಂತದ ದೇವಸ್ಥಾನಗಳ ಬಾಗಿಲು ಎಲ್ಲರಿಗೂ ತೆರೆಯುವ ಕಾನೂನು ಬಂದದ್ದು 1947ರಲ್ಲಿ. ಈ ಜಿಲ್ಲೆಯೂ ಆಗ ಅದೇ ಪ್ರಾಂತದಲ್ಲಿತ್ತು. ಇವತ್ತು ಕಾರಿಂಜದಂಥ ಬೆಟ್ಟಕ್ಕೆ ವಗ್ಗದಲ್ಲಿ ಬಸ್ಸಿಳಿದು ನಾವೆಲ್ಲ ಒಟ್ಟಿಗೆ ಹತ್ತುತ್ತೇವೆ, ಒಟ್ಟಿಗೆ ಏದುಸಿರು ಬಿಡುತ್ತೇವೆ, ಮಂಗಗಳಿಗೆ ಹಾಕುವ ನೈವೇದ್ಯದ ಅನ್ನವನ್ನು ಒಟ್ಟಿಗೆ ನಿಂತು ನೋಡುತ್ತೇವೆ. ಇದು ಅನಾದಿ ಕಾಲದಿಂದ ಹೀಗೇ ಇತ್ತು ಅಂತ ಮಕ್ಕಳು ತಿಳಿಯಬಾರದು.

ರಂಗರಾಯರಿಗೆ ವಯಸ್ಸಾಯಿತು. ಸರಕಾರ ರಾವ್ ಸಾಹೇಬ್ ಎಂಬ ಬಿರುದು ಕೊಟ್ಟಿತು. ಒಂದು ಕಾಲದಲ್ಲಿ ಮುಖ ತಿರುಗಿಸಿದವರಲ್ಲಿ ಕೆಲವರು ಹತ್ತಿರ ಬಂದರು. ದೇಶದ ಬೇರೆ ಬೇರೆ ಕಡೆಯ ಮುಂದಾಳುಗಳು ಮಂಗಳೂರಿಗೆ ಬಂದಾಗ ಶೇಡಿಗುಡ್ಡೆಗೆ ಹೋಗಿ ನೋಡುವುದು ರೂಢಿಯಾಯಿತು. ಆದರೆ ಅವರ ಚಿಂತೆ ಬೇರೆ ಇತ್ತು. ತಾನು ಹೋದ ಮೇಲೆ ಈ ಶಾಲೆಗಳು, ಈ ಮಕ್ಕಳು ಯಾರ ಕೈಗೆ? ನಮ್ಮಲ್ಲಿ ಸಂಸ್ಥೆ ಕಟ್ಟಿದವರು ಕೊನೆಯವರೆಗೂ ಕೀಲಿಕೈ ಸೊಂಟದಲ್ಲೇ ಇಟ್ಟುಕೊಳ್ಳುತ್ತಾರೆ, ಆಮೇಲೆ ಮಕ್ಕಳಿಗೆ ಕೊಡುತ್ತಾರೆ. ಸಮಿತಿಗಳಲ್ಲಿ ಅಧ್ಯಕ್ಷರ ಕುರ್ಚಿ ಬಿಡಿಸುವಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ ಅಂತ ನಿಮಗೂ ಗೊತ್ತಿರಬಹುದು. ರಂಗರಾಯರು ತಮ್ಮ ಮಿಶನ್ನನ್ನು ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಸ್ಥಾಪಿಸಿದ್ದ ಭಾರತ ಸೇವಕ ಸಮಾಜಕ್ಕೆ ಒಪ್ಪಿಸಿದರು. ಅಲ್ಪ ಸಂಬಳಕ್ಕೆ ಇಡೀ ಜೀವನವನ್ನು ದೇಶದ ಕೆಲಸಕ್ಕೆ ಕೊಟ್ಟವರ ಸಂಘ ಅದು. ಮನೆಯವರಿಗೆ ಅಂತ ಏನನ್ನೂ ಇಟ್ಟುಕೊಳ್ಳದೆ, ಕೆಲಸ ಮುಂದುವರಿಸುವವರ ಕೈಗೆ ಕೊಟ್ಟರು.

1927ರಲ್ಲಿ ಸನ್ಯಾಸ ಸ್ವೀಕರಿಸಿದರು. ಈಶ್ವರಾನಂದ ಎಂಬ ಹೆಸರಾಯಿತು. ಮನೆ, ಬಂಧು, ಜಾತಿ ಬಿಡುವುದು ಸನ್ಯಾಸ ಅಂತಾದರೆ ಅವರು 1892ರಲ್ಲೇ ಸನ್ಯಾಸಿ ಆಗಿದ್ದರು, ಕಾವಿ ಬಂದದ್ದು ತಡವಾಗಿ ಅಷ್ಟೇ. ಮರುವರ್ಷ, 1928ರ ಜನವರಿ 30ರಂದು ತೀರಿಕೊಂಡರು.

ಸಾಯುವ ಮುಂಚೆ ಒಂದು ಇಚ್ಛೆ ತಿಳಿಸಿದ್ದರು. ತನ್ನ ಹೆಣಕ್ಕೆ ಜಾತಿಯವರ ಹೆಗಲು ಬೇಡ, ಊರಿನ ಕಕ್ಕಸು ಬಳಿಯುವ, ಕಸ ಹೊರುವ ತೋಟಿಗಳೇ ಹೊತ್ತು ಅಂತ್ಯಕ್ರಿಯೆ ಮಾಡಲಿ ಎಂದು. ಹಿಂದೂ ಮನೆಗಳಲ್ಲಿ ಕೊನೆಯ ನೀರು ಬಿಡುವವನು ಮಗ ಅಥವಾ ಮಗನ ಸಮಾನನಾದವನು. ಯಾರನ್ನು ಆ ಸ್ಥಾನದಲ್ಲಿ ನಿಲ್ಲಿಸಿದರು ನೋಡಿ. ಜೀವಮಾನ ಪೂರ್ತಿ ಕೊಟ್ಟವರು ಕೊನೆಗೆ ಅವರಿಂದ ಒಂದನ್ನು ಬೇಡಿ ತೆಗೆದುಕೊಂಡರು.

ಇನ್ನೊಂದು ಆಸೆಯನ್ನೂ ಅವರು ಹೇಳುತ್ತಿದ್ದರು. ಅದು ಜಿಲ್ಲೆಗೆಲ್ಲ ಗೊತ್ತು. ಮಂಗಳೂರಿನ ಮಣ್ಣಿನ ರಸ್ತೆಯಲ್ಲಿ ಮೋಟಾರು ಕಾರು ಹೋದರೆ ಮೊಣಕಾಲೆತ್ತರಕ್ಕೆ ಕೆಂಧೂಳು ಏಳುತ್ತಿದ್ದ ಕಾಲ. ಕಾರಿನಲ್ಲಿ ಹೋಗುವವರು ಸಾಹೇಬರು, ದೊಡ್ಡ ಧನಿಗಳು. ಧೂಳು ತಿನ್ನುವವರು ಬದಿಯಲ್ಲಿ ನಡೆಯುವವರು. ತಮ್ಮ ಶಾಲೆಯಲ್ಲಿ ಕಲಿತ ದಲಿತ ಮಗುವೊಂದು ದೊಡ್ಡ ಹುದ್ದೆಗೆ ಏರಿ, ಅಂಥ ಕಾರಿನಲ್ಲಿ ಕೂತು, ಬದಿಯಲ್ಲಿ ನಡೆದು ಹೋಗುತ್ತಿರುವ ತನ್ನನ್ನು ದಾಟಿ ಹೋಗಬೇಕು, ಆ ಧೂಳು ತನ್ನ ತಲೆಯ ಮೇಲೆ ಬೀಳಬೇಕು, ಅಷ್ಟಾದರೆ ಹುಟ್ಟಿದ್ದು ಸಾರ್ಥಕ ಎಂಬುದು ಅವರ ಆಸೆ. ಕಾರು ನಿಲ್ಲಿಸಿ ಇಳಿದು ನಮಸ್ಕಾರ ಮಾಡಲಿ ಅಂತ ಅವರು ಬಯಸಲಿಲ್ಲ. ಗುರುತು ಹಿಡಿಯಲಿ ಅಂತಲೂ ಇಲ್ಲ. ದೇವರ, ಗುರುಹಿರಿಯರ ಪಾದಧೂಳಿ ತಲೆಗೆ ಹಚ್ಚಿಕೊಳ್ಳುವ ನಮಗೆ ಈ ಧೂಳಿನ ಮಾತು ಬೇಗ ಅರ್ಥವಾಗಬೇಕು.

ಅವರು ಹೋದ ಆರು ವರ್ಷಕ್ಕೆ, 1934ರ ಫೆಬ್ರವರಿಯಲ್ಲಿ, ಗಾಂಧೀಜಿ ಹರಿಜನ ಯಾತ್ರೆಯಲ್ಲಿ ಮಂಗಳೂರಿಗೆ ಬಂದರು.

ವಿಟ್ಲದಿಂದ ಮಂಗಳೂರಿಗೆ ಹೋಗುವ ಬಸ್ಸು ಕಲ್ಲಡ್ಕ, ಬಿ.ಸಿ. ರೋಡು ದಾಟಿ ಊರೊಳಗೆ ಸುತ್ತಿ ಸ್ಟೇಟ್‌ಬ್ಯಾಂಕ್ ಹತ್ತಿರ ನಿಲ್ಲುತ್ತದೆ. ಅಲ್ಲಿಗೆ ಸಮೀಪವೇ ಪುರಭವನ. ನಾಟಕ, ಯಕ್ಷಗಾನ, ಸನ್ಮಾನ ಅಂತ ನಮ್ಮ ಕಡೆಯವರೆಲ್ಲ ಒಮ್ಮೆಯಾದರೂ ಹೋದ ಜಾಗ. ಅದರ ಹೆಸರು ಕುದ್ಮುಲ್ ರಂಗರಾವ್ ಪುರಭವನ. ಬೋರ್ಡಿನಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದಾರೆ, ಹೆಚ್ಚಿನವರು ಟೌನ್‌ಹಾಲ್ ಅಂತಲೇ ಕರೆಯುವುದು. ಅದರ ಹತ್ತಿರದ ರಸ್ತೆಯಲ್ಲಿ ದಿನವಿಡೀ ಕಾರುಗಳು ಸಾಲು ಹಿಡಿದು ಹೋಗುತ್ತವೆ. ಒಳಗೆ ಕೂತವರು ಯಾರ ಮಕ್ಕಳು, ಅವರ ಅಜ್ಜ ಯಾವ ಗೆರಟೆಯಲ್ಲಿ ನೀರು ಕುಡಿದಿದ್ದರು ಅಂತ ಬದಿಯಲ್ಲಿ ನಿಂತವರಿಗೆ ಗೊತ್ತಾಗುವುದಿಲ್ಲ.